ಈ ಹುಲಿಗೆ ತೂಕವಿದೆಯೇ?

ಚಿತ್ರಸಂತೆಯಲ್ಲಿ ಹುಲಿಯ ಚಿತ್ರದ ಮುಂದೆ ನಿಂತವರ ಬಾಯಲ್ಲಿ ಮೊದಲು ಬರುವ ಮಾತು ‘ಅಬ್ಬಾ, ಫೋಟೋ ಇದ್ದಂಗೇ ಇದೆ!’ ಎಂಬುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಈ ಸಂತೆಗೆ ಯಲಹಂಕ, ಆರ್.ಟಿ. ನಗರದ ಕಡೆಯಿಂದ ಮನೆಮಂದಿಯೆಲ್ಲ ಬರುತ್ತಾರೆ, ಮೀಸೆಯ ಒಂದೊಂದು ಎಳೆಯನ್ನೂ ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ. ವನ್ಯಜೀವಿ ಚಿತ್ರಗಳನ್ನು ನೋಡಲು ಕಲಿಯುವವರು ಮೊದಲು ಬದಿಗಿಡಬೇಕಾದ್ದು ಈ ಮೆಚ್ಚುಗೆಯನ್ನೇ.

ಕೂದಲು ಬಿಡಿಸಲು ತಾಳ್ಮೆ ಸಾಕು. ಪ್ರಾಣಿಯನ್ನು ನೆಲದ ಮೇಲೆ ನಿಲ್ಲಿಸಲು ಅದರ ಪರಿಚಯ ಬೇಕು. ಹಾಗಾಗಿ ಹತ್ತು ಹೆಜ್ಜೆ ಹಿಂದೆ ಸರಿದು ಮೊದಲು ಪಾದ ನೋಡಬೇಕು. ಬೆಳೆದ ಗಂಡು ಹುಲಿ 200 ಕಿಲೋ ತೂಗುವ ಜೀವ. ಅದು ಹೊಂಚುತ್ತಾ ನಡೆದರೆ ಹೆಗಲ ಮೂಳೆಗಳು ಬೆನ್ನಿಗಿಂತ ಮೇಲೇಳುತ್ತವೆ, ತಲೆ ತಗ್ಗುತ್ತದೆ, ಊರಿದ ಪಂಜ ಅಗಲವಾಗುತ್ತದೆ. ಇದ್ಯಾವುದೂ ಕಾಣದೆ, ಹುಲ್ಲಿನ ಮೇಲೆ ಹುಲಿ ತೇಲುತ್ತಿದ್ದರೆ ಸಾವಿರ ಕೂದಲು ಬರೆದೂ ಫಲವಿಲ್ಲ.

ಪಟ್ಟೆಗಳ ಕಥೆ ಇನ್ನೂ ಸ್ವಾರಸ್ಯದ್ದು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳ ಸಂಖ್ಯೆ ಅಂದಾಜಿಸಿದ್ದು ಪಟ್ಟೆಗಳ ಬಲದಿಂದಲೇ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮಗ್ಗುಲಿನ ವಿನ್ಯಾಸ ಬಲಮಗ್ಗುಲಿಗೆ ಹೊಂದುವುದಿಲ್ಲ. ಎದುರಿನಿಂದ ಬರೆದ ಹುಲಿಯ ಮುಖದಲ್ಲಿ ಎರಡು ಕೆನ್ನೆಯ ಗೆರೆಗಳೂ ಕನ್ನಡಿ ಹಿಡಿದಷ್ಟು ಸರಿಸಮ ಇದ್ದರೆ ಕಲಾವಿದ ‘ಹುಲಿ’ ಎಂಬ ಜಾತಿಯನ್ನು ಬರೆದಿದ್ದಾನೆ, ಒಂದು ಹುಲಿಯನ್ನಲ್ಲ. ಕಣ್ಣನ್ನೂ ನೋಡಿ. ಹುಲಿಯ ಪಾಪೆ ದುಂಡಗಿರುತ್ತದೆ. ಅಲ್ಲಿ ಸೀಳಿನಂಥ ಗೆರೆ ಕಂಡರೆ ಮಾದರಿಗೆ ಕೂತದ್ದು ಮನೆಯ ಬೆಕ್ಕೇ ಇರಬೇಕು. ಚಿರತೆಯ ಗುಲಾಬಿಯಾಕಾರದ ಕಲೆಗಳ ಒಳಗೆ ಪುಟ್ಟ ಚುಕ್ಕಿಗಳಿದ್ದರೆ ಬಂಡೀಪುರದ ಹೆಸರಿನಲ್ಲಿ ದಕ್ಷಿಣ ಅಮೆರಿಕದ ಜಾಗ್ವಾರ್ ಬಂದಿದೆ ಎಂದರ್ಥ!

ನೋಡದೆ ಬರೆಯುವ ಚಾಳಿ ಇಂದಿನದಲ್ಲ. ಭಾರತದಿಂದ ಲಿಸ್ಬನ್‌ಗೆ ಹಡಗಿನಲ್ಲಿ ಹೋದ ಘೇಂಡಾಮೃಗವನ್ನು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಕಣ್ಣಾರೆ ಕಾಣಲೇ ಇಲ್ಲ. ಯಾರೋ ಕಳಿಸಿದ ವರ್ಣನೆ, ರೇಖಾಚಿತ್ರಗಳನ್ನು ನಂಬಿ 1515ರಲ್ಲಿ ಮರದಚ್ಚಿನ ಚಿತ್ರ ಮಾಡಿದ. ಮೈಗೆ ಕಬ್ಬಿಣದ ಕವಚದಂಥ ಫಲಕ, ಹೆಗಲ ಮೇಲೊಂದು ಹೆಚ್ಚುವರಿ ಕೊಂಬು. ಅದನ್ನೇ ಯುರೋಪು ಎರಡು ಶತಮಾನಕ್ಕೂ ಮೀರಿ ನಂಬಿತು. ನಮ್ಮ ಹಳೇಬೀಡಿನ ಗೋಡೆಯೂ ಇದನ್ನೇ ಹೇಳುತ್ತದೆ. ಕೆಳಸಾಲಿನ ಆನೆಗಳು ನಡೆಯುತ್ತವೆ, ಸೊಂಡಿಲು ಚಾಚುತ್ತವೆ. ಅದರ ಮೇಲಿನ ಸಾಲಿನ ಸಿಂಹಗಳು ಮಾತ್ರ ಶಿಲ್ಪಿಯ ಕಲ್ಪನೆಯಲ್ಲಿ ಹುಟ್ಟಿದವು. ಶಿಲ್ಪವಾಗಿ ಅವು ಸೊಗಸೇ, ಆದರೆ ಸಿಂಹವನ್ನು ತಿಳಿಯಲು ಅಲ್ಲಿಗೆ ಹೋಗಬೇಕಿಲ್ಲ.

ಹಾಗಾದರೆ ಕಣ್ಣನ್ನು ಪಳಗಿಸುವುದೆಲ್ಲಿ? ಬೆಂಗಳೂರಿನ ಉತ್ತರ ಭಾಗದವರಿಗೆ ಗ್ಯಾಲರಿಗಿಂತ ಹತ್ತಿರದಲ್ಲೇ ಕೆರೆಗಳಿವೆ. ಹೆಬ್ಬಾಳ, ಜಕ್ಕೂರು, ಯಲಹಂಕದ ಪುಟ್ಟೇನಹಳ್ಳಿ ಕೆರೆಗಳ ದಂಡೆಯಲ್ಲಿ ಬೆಳಗಿನ ಹೊತ್ತು ನಿಂತರೆ ಒಂದಿಷ್ಟು ಸತ್ಯಗಳು ಪುಕ್ಕಟೆ ಸಿಗುತ್ತವೆ. ಬಕ ಹಾರುವಾಗ ಕತ್ತನ್ನು ಮಡಚಿಕೊಳ್ಳುತ್ತದೆ, ಬಣ್ಣದ ಕೊಕ್ಕರೆ ನೀಳವಾಗಿ ಚಾಚುತ್ತದೆ. ಹದ್ದಿನ ಬಾಲ ಕವಲೊಡೆದಿರುತ್ತದೆ, ಗರುಡನದು ದುಂಡಗೆ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತಷ್ಟೇ ಹೊರಗೆ. ಕೊಕ್ಕರೆಯ ಕಾಲಿನಲ್ಲಿ ಹಿಂದಕ್ಕೆ ಮಡಚುವ ಗಂಟು ಮೊಣಕಾಲಲ್ಲ, ಹರಡು. ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿದೆ. ಇದನ್ನು ಅರಿಯದವರು ಬರೆದ ಹಕ್ಕಿ ಎಲ್ಲೋ ಮುರಿದಂತೆ ಕಾಣುತ್ತದೆ, ಎಲ್ಲೆಂದು ನೋಡುಗನಿಗೆ ಹೊಳೆಯುವುದಿಲ್ಲ. ಇನ್ನು ಬಣ್ಣ. ಹೆಜ್ಜಾರ್ಲೆಯ ಬಿಳಿ ಬಿಳಿಯಲ್ಲ. ಎಳೆಬಿಸಿಲಿಗೆ ಅದು ಬೆಣ್ಣೆಯ ಬಣ್ಣ, ನೆರಳಿನಲ್ಲಿ ನಸುನೀಲಿ, ಹೊಟ್ಟೆಯ ಕೆಳಗೆ ಕೆರೆಯ ಹಸಿರು. ಟ್ಯೂಬಿನಿಂದ ಹಿಂಡಿದ ಬಿಳಿಯನ್ನು ಹಾಗೇ ಬಳಿದಿದ್ದರೆ ಹಕ್ಕಿ ಆ ನೀರಿನದಲ್ಲ.

ಬಣ್ಣದಂತೆ ಹೊತ್ತನ್ನೂ ಗಮನಿಸಬೇಕು. ಯಶವಂತಪುರದ ಪಕ್ಕದ ಐಐಎಸ್‌ಸಿ ಆವರಣದ ಮರಗಳಲ್ಲಿ ಕಾಡುಪಾಪವಿದೆ. ಅದು ನಿಶಾಚರಿ. ಅದನ್ನು ಸುಡುಬಿಸಿಲಿನಲ್ಲಿ ಕಣ್ಣರಳಿಸಿ ಕೂರಿಸಿದ ಚಿತ್ರವನ್ನು ಅನುಮಾನಿಸಬಹುದು.

ಕೊನೆಗೆ ಹಿನ್ನೆಲೆ, ಹೆಚ್ಚಿನವರು ಜಾರುವುದು ಇಲ್ಲೇ. ಹುಲಿಯ ಹಿಂದೆ ಗೋಲಗೋಲವಾಗಿ ಮಸುಕಾದ ಹಸಿರು ಕಂಡರೆ ಅದು ಟೆಲಿಫೋಟೋ ಲೆನ್ಸಿನ ನೋಟ, ಕಣ್ಣಿನದಲ್ಲ. ಫೋಟೋ ನೋಡಿ ಬರೆಯುವುದು ತಪ್ಪೇನಲ್ಲ. ಆದರೆ ಲೆನ್ಸಿನ ದೋಷವನ್ನೂ ಭಕ್ತಿಯಿಂದ ನಕಲು ಮಾಡುವುದು ತುಸು ಹಾಸ್ಯಾಸ್ಪದ. ಮಾರ್ಚಿನ ಬಂಡೀಪುರ ಎಂದರೆ ಎಲೆಯುದುರಿದ ಮರ, ಕೆಂಧೂಳು, ಎಲ್ಲೆಡೆ ಹಬ್ಬಿದ ಲಂಟಾನ. ಚೆಂದದ ಚಿತ್ರಗಳಲ್ಲಿ ಈ ಲಂಟಾನ ಕಾಣಿಸುವುದೇ ಅಪರೂಪ. ಆ ಕಾಡಿನ ಅಂಚಿನಲ್ಲೇ ನೆಲೆಸಿ ಚಿತ್ರ ಬರೆಯುವ ಸುನೀತಾ ಧೈರ್ಯಂ ಅವರಂಥವರಿಗೆ ಋತು, ಮಣ್ಣು, ಪೊದೆಗಳು ದಿನದ ನೋಟ. ವಾರಾಂತ್ಯದ ಸಫಾರಿಗೆ ಆ ಸಲಿಗೆ ಸಿಗದು.

ಮುಂದಿನ ಚಿತ್ರಸಂತೆಯಲ್ಲಿ ಬೆಲೆ ಕೇಳುವ ಮೊದಲು ಕಲಾವಿದರನ್ನು ಇಷ್ಟು ವಿಚಾರಿಸಬಹುದು: ಇದು ಯಾವ ಕಾಡು, ಯಾವ ತಿಂಗಳು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಸ್ಥಳದಲ್ಲೇ ಗೀಚಿದ ಸ್ಕೆಚ್‌ಬುಕ್ ಇದೆಯೇ? ಕಾಡಿನಲ್ಲಿ ಕೂತು ಬಂದವರು ಬ್ಯಾಗಿನಿಂದ ಮಣ್ಣಾದ ಪುಸ್ತಕ ತೆಗೆದು, ಕಿವಿ ಮಾತ್ರ ಬರೆದ ಪುಟ, ಓಡಿಹೋದ ಜಿಂಕೆಯ ಅರ್ಧ ಬೆನ್ನು ಎಲ್ಲವನ್ನೂ ತೋರಿಸಿ ಮಾತಿಗೆ ಕೂರುತ್ತಾರೆ. ಹಾಗೆ ಕೂತರೆ ಪಕ್ಕದ ಮಳಿಗೆಗಳು ಅಂದು ಉಳಿದುಹೋಗಬಹುದು.