ಒದ್ದೆ ಸೀರೆಯ ಕಡಲು

ಪ್ರವಾಸದ ಚೀಲದಲ್ಲಿ ಏನೇನು ಇರಬೇಕು ಎಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ಬರೆಯಲು ಕೂತದ್ದೂ ಹೌದು. ಎಮ್ಮಿಗನೂರಿನ ಕೈಮಗ್ಗದ ದುಪ್ಪಟಿ ಒಂದು: ಮರಳಿನ ಮೇಲೆ ಹಾಸಲು, ರೈಲಿನಲ್ಲಿ ಹೊದೆಯಲು, ಬಟ್ಟೆ ಬದಲಿಸುವಾಗ ಮರೆಗೆ. ಅಷ್ಟು ಬರೆಯುವ ಹೊತ್ತಿಗೆ ‘ಯಾರೂ ಕಾಣದ ಕಡಲ ದಂಡೆಗಳು’ ಎಂಬ ಪಟ್ಟಿ ಮತ್ತೆ ಕಣ್ಣಿಗೆ ಬಿತ್ತು. ಪ್ರತಿ ಚಳಿಗಾಲದಲ್ಲೂ ಇದು ಬರುತ್ತದೆ, ಪ್ರತಿ ಚಳಿಗಾಲದಲ್ಲೂ ನನಗೆ ಸಿಟ್ಟು ಬರುತ್ತದೆ. ಚೀಲ ಮುಂದಿನ ವಾರ ಕಟ್ಟೋಣ.

ರಜೆಗೆ ಕಡಲಿಗಿಂತ ಬೆಟ್ಟವೇ ಮೇಲು ಎನ್ನುವ ಊಟಿ, ಕೊಡೈಕೆನಾಲ್ ಪಂಥದವರ ಜೊತೆಗಿನ ನನ್ನ ಜಗಳ ಹಳೆಯದು. ಅವರು ಕೊನೆಗೆ ಸ್ವೆಟರ್ ಹಾಕಿಕೊಂಡು ಸುಮ್ಮನಾದರು. ಈ ಖಾಲಿ ದಂಡೆಯ ಪಂಥದವರು ಹಾಗಲ್ಲ. ಅವರ ಪ್ರಕಾರ ಜನ ಇರುವ ಕಡಲು ಕಡಲೇ ಅಲ್ಲ. ಹೆಜ್ಜೆ ಗುರುತಿಲ್ಲದ ಮರಳು, ಒಂದೇ ಒಂದು ತೆಂಗಿನಮರ, ಮೇಲಿನಿಂದ ಡ್ರೋನ್ ಹಿಡಿದ ಚಿತ್ರ. ಆ ಚಿತ್ರದಲ್ಲಿ ಹೆಣ್ಣು ಒಬ್ಬಳೇ ಕಾಣುತ್ತಾಳೆ, ಸರಿ. ಡ್ರೋನ್ ಹಾರಿಸಿದವನು ಎಲ್ಲಿ ನಿಂತಿದ್ದಾನೆ? ಕಾರು ಎಲ್ಲಿ ನಿಂತಿದೆ? ಸಂಜೆ ಆರಕ್ಕೆ ಕೊನೆಯ ಬಸ್ಸು ಹೋದ ಮೇಲೆ, ಫೋನಿಗೆ ಸಿಗ್ನಲ್ ಇಲ್ಲದ, ಶೌಚಾಲಯ ಇಲ್ಲದ ಆ ಸ್ವರ್ಗದಲ್ಲಿ ಸ್ಲೀಪರ್ ಟಿಕೆಟಿನಲ್ಲಿ ಬಂದ ಹೆಂಗಸು ಏನು ಮಾಡಬೇಕು?

ನನ್ನ ನಿಯಮ ಇದಕ್ಕೆ ತದ್ವಿರುದ್ಧ, ಬೇಸರವಾಗುವಷ್ಟು ಸಲ ಹೇಳಿದ್ದೇನೆ: ಒಬ್ಬಳೇ ಹೋಗುವವಳು, ಕೈಯಲ್ಲಿ ದುಡ್ಡು ಕಡಿಮೆ ಇರುವವಳು, ಗುಡಿ ಇರುವ ಕಡಲನ್ನೇ ಆರಿಸಬೇಕು. ಗುಡಿ ಇಲ್ಲದಿದ್ದರೆ ಮೀನಿನ ಬಂದರು. ಎರಡೂ ಇದ್ದರೆ ಕಣ್ಣು ಮುಚ್ಚಿ ಹೊರಡಬಹುದು. ಗುಡಿಯಿದ್ದಲ್ಲಿ ಬೆಳಗಿನ ಐದಕ್ಕೇ ಬೀದಿಯಲ್ಲಿ ಹೆಂಗಸರು ಇರುತ್ತಾರೆ, ರಾತ್ರಿ ಹತ್ತಕ್ಕೂ ಹೂವಿನ ಅಂಗಡಿ ತೆರೆದಿರುತ್ತದೆ, ಊಟ ಅಗ್ಗ. ಉಡುಪಿಯಲ್ಲಿ ಕೃಷ್ಣಮಠದ ಊಟಕ್ಕೆ ಕೈ ತೊಳೆದು ಕೂತರೆ ಸಾಕು. ಮಲ್ಪೆಯ ಕಡಲು ಅಲ್ಲಿಂದ ಸಿಟಿ ಬಸ್ಸಿನ ದಾರಿ.

ಆಂಧ್ರದ ಕರ್ನೂಲು ಜಿಲ್ಲೆಯ ನನ್ನೂರು ಸಿ. ಬೆಳಗಲ್‌ನಲ್ಲಿ ಕೂತು ಕಡಲಿನ ಬಗ್ಗೆ ಬರೆಯುವುದೇ ಒಂದು ವಿಚಿತ್ರ. ಮಂಡಲದ ಬಡಗಣ ಅಂಚಿಗೆ ತುಂಗಭದ್ರೆ ಇದ್ದಾಳೆ, ಬೇಸಿಗೆಯಲ್ಲಿ ಅವಳಲ್ಲಿಯೂ ಹೆಚ್ಚು ಕಾಣುವುದು ಮರಳೇ. ಮೇ ತಿಂಗಳಲ್ಲಿ ಕರ್ನೂಲು ಸೀಮೆ 42 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ಅರಬ್ಬೀ ಸಮುದ್ರದ ನೀರು 29, 30ರಲ್ಲಿರುತ್ತದೆ. ಹೊರಟಾಗಲೆಲ್ಲ ಪಕ್ಕದ ಮನೆ ಅಜ್ಜಿಯದು ಒಂದೇ ಪ್ರಶ್ನೆ: “ಒಬ್ಬಾಕಿನೇ ಹೊಂಟೀಯೇನವ್ವ? ಯಾರ್ ಸಂಗಡ?” ಆದರೆ ಯುಗಾದಿ ಬಂತೆಂದರೆ ಉತ್ತರ ಕರ್ನಾಟಕದ ಸಾವಿರಾರು ಜನ ಆದೋನಿ, ಎಮ್ಮಿಗನೂರು ದಾಟಿ, ನಲ್ಲಮಲ ಕಾಡು ಹಾಯ್ದು ಶ್ರೀಶೈಲಕ್ಕೆ ನಡೆಯುತ್ತಾರೆ, ಅದರಲ್ಲಿ ಹೆಂಗಸರೂ ಇರುತ್ತಾರೆ. ಅವರನ್ನು ಇದೇ ಅಜ್ಜಿ ಕೂರಿಸಿ ಮಜ್ಜಿಗೆ ಕೊಡುತ್ತಾಳೆ, ಯಾರ ಸಂಗಡ ಎಂದು ಕೇಳುವುದಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದ ಅಕ್ಕಮಹಾದೇವಿಯನ್ನು ದಾರಿಯುದ್ದಕ್ಕೂ ಕೇಳಿದವರು ಬೇಕಾದಷ್ಟು ಜನ ಇದ್ದಿರಬೇಕು. ಎಂಟುನೂರು ವರ್ಷದ ಮೇಲೆ ಅವಳಿಗೆ ಕೈ ಮುಗಿಯುತ್ತೇವೆ. ಆದ್ದರಿಂದ ನಾನು “ಬೀಚಿಗೆ” ಎನ್ನುವುದಿಲ್ಲ, “ಗೋಕರ್ಣಕ್ಕೆ” ಎನ್ನುತ್ತೇನೆ. ಅಜ್ಜಿ ಪ್ರಸಾದ ತಾ ಎನ್ನುತ್ತಾಳೆ. ತರುತ್ತೇನೆ ಕೂಡ.

ಗೋಕರ್ಣದ ದಾರಿಯ ಲೆಕ್ಕ ಹೀಗೆ. ಆದೋನಿ, ಗುಂತಕಲ್, ಅಲ್ಲಿಂದ ವಾರಕ್ಕೆ ನಾಲ್ಕು ದಿನ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್. ಬಳ್ಳಾರಿ, ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಇಳಿಜಾರು, ಮಡಗಾಂವ್. ಅಲ್ಲಿ ಕೊಂಕಣ ರೈಲು ಹಿಡಿದು ತೆಂಕಣಕ್ಕೆ. ಅವಸರ ಇದ್ದವರು ಹುಬ್ಬಳ್ಳಿಯಲ್ಲೇ ಇಳಿದು ಅರಬೈಲ್ ಘಾಟಿಯ ಬಸ್ಸಿನಲ್ಲಿ ಅಂಕೋಲೆಗೆ ಇಳಿಯಬಹುದು. ಹೊಸದೇನೆಂದರೆ 2025ರ ಆಗಸ್ಟ್ 15ರಿಂದ ಆಂಧ್ರದ ಸ್ತ್ರೀಶಕ್ತಿ ಯೋಜನೆಯಲ್ಲಿ ಪಲ್ಲೆ ವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಾದ ನಮಗೆ ಟಿಕೆಟ್ಟಿನ ದರವಿಲ್ಲ; ಗುಂತಕಲ್ಲಿನವರೆಗೆ ಬಸ್ಸಿನ ಖರ್ಚೇ ಇಲ್ಲ. ಹುಬ್ಬಳ್ಳಿಯಲ್ಲಿ ಸರ್ಕಾರಿ ಬಸ್ಸು ಹತ್ತಿದರೆ ಕಂಡಕ್ಟರ್ ಆಧಾರ್ ನೋಡುತ್ತಾನೆ. 2023ರ ಜೂನಿನಲ್ಲಿ ಶುರುವಾದ ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದಲ್ಲಿ ವಾಸವಿರುವವರಿಗೆ ಮಾತ್ರ. ನನ್ನ ಕನ್ನಡ ಕೇಳಿ ಕಂಡಕ್ಟರ್ “ಯಾವೂರು ಅಕ್ಕಾ?” ಎಂದು ಪ್ರೀತಿಯಿಂದ ವಿಚಾರಿಸುತ್ತಾನೆ, ಪೂರ್ತಿ ದುಡ್ಡನ್ನೂ ಅಷ್ಟೇ ಪ್ರೀತಿಯಿಂದ ತೆಗೆದುಕೊಳ್ಳುತ್ತಾನೆ.

ಈಗ ಮುಖ್ಯ ಮಾತು. ಗೋಕರ್ಣದ ದೊಡ್ಡ ದಂಡೆಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತು ನೋಡಿ. ಮಹಾಬಲೇಶ್ವರನ ದರ್ಶನಕ್ಕೆ ಮುಂಚೆ ಸಮುದ್ರಸ್ನಾನ. ಬಾಗಲಕೋಟೆ, ವಿಜಯಪುರ, ರಾಯಚೂರಿನ ಕಡೆಯ ಹೆಂಗಸರು ಕೈಕೈ ಹಿಡಿದು ನೀರಿಗಿಳಿಯುತ್ತಾರೆ. ಅಲೆ ಬಂದರೆ ಕಿರುಚುತ್ತಾರೆ, ಬೀಳುತ್ತಾರೆ, ಎದ್ದು ಇನ್ನೊಂದು ಅಲೆಗೆ ಕಾಯುತ್ತಾರೆ. ಸಂಕಲ್ಪ ಮೂರು ಮುಳುಗಿಗೆ ಮುಗಿದಿರುತ್ತದೆ. ಇವರು ಮುಕ್ಕಾಲು ಗಂಟೆ ಮೇಲೆ ಬರುವುದಿಲ್ಲ. ಉಟ್ಟ ಸೀರೆ ಪೂರ್ತಿ ಒದ್ದೆ, ಯಾರೂ ಅವರನ್ನು ದಿಟ್ಟಿಸುವುದಿಲ್ಲ. ಅಲ್ಲಿ ಒದ್ದೆ ಬಟ್ಟೆ ಪೂಜೆಯ ಭಾಗ. ಎರಡು ಗುಡ್ಡ ಆಚೆಯ ಓಂ ಬೀಚಿನಲ್ಲಿ ಅದೇ ಒದ್ದೆ ಚೂಡಿದಾರ ನೋಟಕ್ಕೆ ಗುರಿಯಾಗುತ್ತದೆ, ವಾರಾಂತ್ಯದಲ್ಲಿ ಫೋನಿಗೂ. ಈಜುಡುಗೆ ಇಲ್ಲದ, ಅದನ್ನು ತೊಡುವ ಮನಸ್ಸೂ ಇಲ್ಲದ ನನ್ನಂಥವಳಿಗೆ ಎಲ್ಲಿ ನೀರಿಗಿಳಿಯುವುದು ಸುಲಭ ಎಂದು ಖಾಲಿ ದಂಡೆಯ ಪಂಡಿತರು ಯಾವತ್ತಾದರೂ ಕೇಳಿದ್ದಾರೆಯೇ?

ಪೂರ್ವದ ಕಡಲಿನಲ್ಲೂ ಇದೇ ನ್ಯಾಯ. ಬಾಪಟ್ಲ ಹತ್ತಿರದ ಸೂರ್ಯಲಂಕಕ್ಕೆ ಕಾರ್ತೀಕದಲ್ಲಿ ಹೋದರೆ ಸಮುದ್ರಸ್ನಾನಕ್ಕೆ ಬಂದ ಹೆಂಗಸರೇ ತುಂಬಿರುತ್ತಾರೆ. ಹುಣ್ಣಿಮೆಯ ದಿನ ಉಬ್ಬರ ಜೋರು, ಅದು ಚಂಡಮಾರುತದ ಕಾಲ ಬೇರೆ, ಮೊಣಕಾಲಿಗಿಂತ ಮುಂದೆ ಬೇಡ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಹೋರಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು, ಇದನ್ನೂ ಎಷ್ಟು ಸಲ ಬರೆದಿದ್ದೇನೋ. ದುಪ್ಪಟ್ಟಾ ಮಾತ್ರ ದಡದಲ್ಲೇ ಬಿಟ್ಟು ಇಳಿಯಿರಿ. ನೆನೆದರೆ ಭಾರ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಡಲ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಪ್ರವಾಸಕಥನದ ಹೆಸರು ಹೇಳುವುದಿಲ್ಲ, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಎನ್ನುತ್ತೇನೆ. ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಆ ತೀರ ಅಂಗೈಯಂತೆ ಗೊತ್ತಿತ್ತು. ಕೋಡಿಯ ರಾಮ ಐತಾಳರ ಮನೆಯಲ್ಲಿ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ. ಸಮುದ್ರ ಬಗಲಲ್ಲೇ ಮೊರೆಯುತ್ತಿರುತ್ತದೆ. ಇಬ್ಬರಿಗೂ ಅದನ್ನು ‘ನೋಡಲು’ ಪುರಸೊತ್ತಿಲ್ಲ. ಗದ್ದೆ, ಸೌದೆ, ಮಳೆ, ಉಪ್ಪುಗಾಳಿ. ಗಂಡಸರು ಊರು ಬಿಡುತ್ತಾರೆ: ಹೋಟೆಲಿಗೆಂದು ಬೆಂಗಳೂರಿಗೆ, ಓದಿಗೆಂದು ಮದರಾಸಿಗೆ, ಕೆಲಸಕ್ಕೆಂದು ಮುಂಬಯಿಗೆ. ಮನೆ ನಿಂತಿರುವುದು ಈ ಇಬ್ಬರ ಮೇಲೆ, ಆಮೇಲೆ ಸೊಸೆ ನಾಗವೇಣಿಯ ಮೇಲೆ. ಆ ಕಾದಂಬರಿ ಓದಿದ ಮೇಲೆ ಕಡಲ ತೀರವನ್ನು ‘ಖಾಲಿ’ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಡ್ರೋನಿನ ಚಿತ್ರದಲ್ಲಿ ಖಾಲಿ ಕಾಣುವ ಎಷ್ಟೋ ದಂಡೆಗಳ ಹಿಂದೆ ಗಾಳಿಮರದ ಸಾಲು, ಅದರ ಹಿಂದೆ ಒಲೆ ಹೊತ್ತಿಸಿರುವ ಪಾರೋತಿಯರು.

ಹಾಗಾಗಿ ಗೋಕರ್ಣಕ್ಕೆ ಹೋದಾಗ ಒಂದು ಬೆಳಗನ್ನು ನಾನು ತದಡಿಗೆ ಕೊಡುತ್ತೇನೆ. ಅಘನಾಶಿನಿ ಕಡಲು ಸೇರುವ ಅಳಿವೆ. ಮೀನಿನ ಬುಟ್ಟಿಗಳ ನಡುವೆ ಹರಾಜಿನ ಗಲಾಟೆ, ದರದ ವಿಷಯದಲ್ಲಿ ಹೆಂಗಸರದೇ ಕೊನೆಯ ಮಾತು. ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ದಾಟಬಹುದು. ಇಳಿತದ ಹೊತ್ತಾದರೆ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪುಮೀನು ಆಯುವ ಹೆಂಗಸರು ಕಾಣುತ್ತಾರೆ. ಅವರ ಜೊತೆ ಮಾತಿಗೆ ಇಳಿದರೆ ನೀವು ಒಬ್ಬರೇ ಬಂದದ್ದು ಯಾಕೆ ಎಂದು ಕೇಳುವುದಿಲ್ಲ, ತಿಂಡಿ ಆಯಿತಾ ಎನ್ನುತ್ತಾರೆ. ಜೂನ್, ಜುಲೈಯಲ್ಲಿ ಹೋಗಬೇಡಿ. ಆ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ, ಜೊತೆಗೆ ಮಳೆ. ಆಂಧ್ರದ ಕಡೆ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ.

ನನ್ನ ವಾದಕ್ಕೊಂದು ತೂತಿದೆ, ವಿರೋಧಿಗಳು ಅದರಲ್ಲಿ ಬೆರಳಿಡುವ ಮುಂಚೆ ನಾನೇ ತೋರಿಸುತ್ತೇನೆ. ಗುಡಿಯ ಊರಿನ ಕೆಲವು ಲಾಡ್ಜುಗಳಲ್ಲಿ ಒಂಟಿ ಹೆಂಗಸಿಗೆ ಕೋಣೆ ಕೊಡುವುದಿಲ್ಲ. ಒಂದು ಕ್ಷೇತ್ರದಲ್ಲಿ ಮುಂಗಡ ಕಟ್ಟಿಸಿಕೊಂಡ ಮೇಲೂ “ಫ್ಯಾಮಿಲಿ ಇದ್ರೆ ಮಾತ್ರ ಮೇಡಂ” ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಗೋಕರ್ಣದ್ದೇ ಕೂಡ್ಲೆ ಬೀಚಿನ ಗುಡಿಸಲುಗಳಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಅಷ್ಟನ್ನು ಖಾಲಿ ಪಂಥಕ್ಕೆ ಬಿಟ್ಟುಕೊಡುತ್ತೇನೆ. ಗೋಕರ್ಣದಲ್ಲಿ ಉಪಾಧಿವಂತರ, ಅಂದರೆ ಗುಡಿಯ ಅರ್ಚಕರ, ಮನೆಗಳಲ್ಲಿ ಯಾತ್ರಿಕರನ್ನು ಇಳಿಸಿಕೊಳ್ಳುವುದು ಹಳೆಯ ವಾಡಿಕೆ. ಮನೆಯಲ್ಲಿ ಅಮ್ಮನೋ ಅತ್ತೆಯೋ ಇರುವ ಕಡೆ ವಿಚಾರಿಸಿ. ಮೊದಲೇ ಫೋನ್ ಮಾಡಿ “ಒಬ್ಬಳೇ ಬರುತ್ತೇನೆ” ಎಂದು ಸ್ಪಷ್ಟವಾಗಿ ಹೇಳಿ, ಬೆಳಕಿರುವಾಗ ತಲುಪಿ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಹತ್ತು ಕಿ.ಮೀ. ಹತ್ತಿರ, ನಡುರಾತ್ರಿ ಇಳಿದರೆ ಆಟೋದವನು ಹೇಳಿದ್ದೇ ದರ.

ಶಿವರಾತ್ರಿಯ ವಾರ ಮಾತ್ರ ಬಿಟ್ಟುಬಿಡಿ. ರಥ ನೋಡಲು ಬರುವ ಜನಸಾಗರದಲ್ಲಿ ನನ್ನ ಸಿದ್ಧಾಂತವೂ ಕೊಚ್ಚಿಹೋಗುತ್ತದೆ, ಕೋಣೆ ಸಿಕ್ಕರೂ ಬಾಡಿಗೆ ಕೇಳಲಾಗದು. ಅದಕ್ಕೂ ಮುಂಚೆ ಹೋಗುವವರು ತಡ ಮಾಡಬೇಡಿ. ರೈಲಿನ ಕಾದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಲ್ಲಿ ಒಂಟಿಯಾಗಿ ಹೋಗುವ ಹೆಂಗಸರಿಗೆ, ವಯಸ್ಸು ಎಷ್ಟೇ ಇರಲಿ, ಆರು ಬರ್ತಿನ ಕೋಟಾ ಇದೆ. ಫಾರಂನಲ್ಲಿ ‘ಲೇಡೀಸ್ ಕೋಟಾ’ ಎಂದು ನೀವೇ ಬರೆಯಬೇಕು, ಕೌಂಟರಿನವರು ತಾವಾಗಿ ಹೇಳುವುದಿಲ್ಲ.