ಮರುಬಿಡುಗಡೆಯ ಚಿತ್ರಗಳಲ್ಲಿ ವರ್ಣಪಾಠದ ಪ್ರಶ್ನೆ

ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರಾದ ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. ಹೀಗೆ ಮಾಧ್ಯಮ ಬದಲಾದ ಮೇಲೆ, ತೆರೆಯಲ್ಲಿ ಕಾಣುವ ಚಿತ್ರದುರ್ಗದ ಬಂಡೆಗೆ ಇರತಕ್ಕ ಬಣ್ಣ ಯಾವುದೆಂಬ ಪ್ರಶ್ನೆ ಏಳುತ್ತದೆ. ಇದನ್ನು ಕೇವಲ ಯಂತ್ರಜ್ಞರಿಗೆ ಬಿಟ್ಟುಕೊಡುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಓಲೆಯಿಂದ ಓಲೆಗೆ ಪ್ರತಿಮಾಡುವಾಗ ಲಿಪಿಕಾರನ ಅಜ್ಞಾನದಿಂದಲೂ ಅತಿಜಾಣತನದಿಂದಲೂ ಪಾಠವು ಕೆಡುವುದನ್ನು ಗ್ರಂಥಸಂಪಾದಕರು ಬಲ್ಲರು. ವರ್ಣಕ್ಕೂ ಇದೇ ಗತಿ. ಮೊದಲನೆಯ ಕೇಡು ಮೂಲದಲ್ಲಿಯೇ ಇದೆ. ಆ ಕಾಲದ ಬಣ್ಣದ ಫಿಲ್ಮನ್ನು ಕತ್ತಲಲ್ಲಿ ಇಟ್ಟಿದ್ದರೂ ಅದರ ಹಸಿರುನೀಲಿ ವರ್ಣವು ಬೇಗ ಮಾಸಿ, ಚಿತ್ರವು ಕೆಂಪಿಗೆ ತಿರುಗುವುದುಂಟು. ಆದುದರಿಂದ ಹಳೆಯ ಪ್ರತಿಯ ಕೆಂಪು ಛಾಯಾಗ್ರಾಹಕನದೋ ಕಾಲದ್ದೋ ಎಂಬುದನ್ನು ಮೊದಲು ವಿವೇಚಿಸಬೇಕು.

ಎರಡನೆಯ ಕೇಡು ವರ್ಗಾವಣೆಯದು. ತಿದ್ದಿದ ಚಿತ್ರವು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಸಾಗುವುದು ಬಣ್ಣವಲ್ಲ, ಅಂಕೆಗಳು. ಹತ್ತು ಬಿಟ್ಟಿನ ವಿಡಿಯೊದಲ್ಲಿ ಕಪ್ಪನ್ನು 64, ಬಿಳುಪನ್ನು 940 ಎಂದು ಗುರುತಿಸುವುದು ಒಂದು ಪದ್ಧತಿ. 0ಯಿಂದ 1023ರವರೆಗೆ ಪೂರ್ಣವಾಗಿ ಬಳಸುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದೆಂದು ಓದಿದರೆ ಕಪ್ಪು ಬೂದಿಯಾಗುತ್ತದೆ. ಎರಡನೆಯದನ್ನು ಮೊದಲನೆಯದೆಂದು ಓದಿದರೆ ನೆರಳಿನ ವಿವರಗಳು ಅಳಿದುಹೋಗುತ್ತವೆ. ಟೆಲಿವಿಷನ್ನಿಗೆ ರೆಕ್. 709 ಎಂಬ ವರ್ಣಮಾನ ಮತ್ತು 2.4ರ ಗಾಮಾ, ಚಿತ್ರಮಂದಿರಕ್ಕೆ ಪಿ3 ಎಂಬ ವಿಶಾಲತರ ಮಾನ ಮತ್ತು 2.6ರ ಗಾಮಾ ರೂಢಿಯಲ್ಲಿವೆ. ಮೊದಲನೆಯದಕ್ಕೆ ಬರೆದ ಅಂಕೆಗಳನ್ನು ಪರಿವರ್ತಿಸದೆ ಎರಡನೆಯದರಲ್ಲಿ ತೋರಿಸಿದರೆ ಬಣ್ಣಗಳು ಉಜ್ಜ್ವಲವಾಗುತ್ತವೆ, ನಡುಛಾಯೆಗಳು ಕಪ್ಪೇರುತ್ತವೆ. ಪ್ರೇಕ್ಷಕನು ಇದನ್ನೇ ಕಲಾವಿದನ ಉದ್ದೇಶವೆಂದು ಭ್ರಮಿಸಬಹುದು.

ಅಮೆರಿಕದ ಛಾಯಾಗ್ರಾಹಕರ ಸಂಘವು ರೂಪಿಸಿದ ಸಿಡಿಎಲ್ ಪಟ್ಟಿಯು ಒಂದು ದೃಶ್ಯದ ಮೂಲ ತಿದ್ದುಪಡಿಯನ್ನು ಹತ್ತು ಅಂಕೆಗಳಲ್ಲಿ ಸಾಗಿಸುತ್ತದೆಂಬುದು ನಿಜ. ಆದರೆ ಮುಖವೊಂದನ್ನೇ ಬೆಳಗಿಸಿದಂಥ ಸ್ಥಾನೀಯ ತಿದ್ದುಪಡಿಯು ಅದರಲ್ಲಿ ಅಡಗದು; ಯಾವ ವರ್ಣಮಾನದಲ್ಲಿ ತಿದ್ದಿದುದೆಂಬುದನ್ನೂ ಆ ಅಂಕೆಗಳು ತಾವಾಗಿ ಹೇಳವು.

ನೋಡುವ ಬೆಳಕೂ ಪಾಠದ ಒಂದು ಅಂಗವೇ ಸರಿ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ: ಹಗಲಿನಲ್ಲಿ ಒಂದೇ ಬಣ್ಣವೆಂದು ಕಂಡ ಎರಡು ಎಳೆಗಳು ದೀಪದಡಿಯಲ್ಲಿ ಬೇರೆಯಾಗಿ ಕಂಡಾವು. ಅಂತೆಯೇ, ಬೆಳಕಿನ ಕೋಣೆಯಲ್ಲಿ ಒಪ್ಪಿದ ವರ್ಣವು ಕತ್ತಲ ಮಂದಿರದಲ್ಲಿ ಒಪ್ಪಲೇಬೇಕೆಂಬ ನಿಯಮವಿಲ್ಲ.

ಸುಬ್ಬರಾಯರು 1984ರಲ್ಲಿಯೂ ಕಣಗಾಲರು 1985ರಲ್ಲಿಯೂ ತೀರಿಕೊಂಡರು. ಅವರನ್ನು ಕೇಳಿ ನಿರ್ಣಯಿಸುವ ಮಾರ್ಗವು ನಮಗಿಲ್ಲ. ಆದುದರಿಂದ ಮರುಬಿಡುಗಡೆಯಾಗುವ ಪ್ರತಿಯೊಂದು ಚಿತ್ರದೊಡನೆ ಆಧಾರಪ್ರತಿ ಯಾವುದು, ವರ್ಣಮಾನ ಯಾವುದು, ಯಾವ ಬೆಳಕಿನಲ್ಲಿ ಒಪ್ಪಿದುದು ಎಂಬ ಮೂರು ಮಾತುಗಳಾದರೂ ದಾಖಲಾಗತಕ್ಕದ್ದು. ಅವಿಲ್ಲದೆ ಬಣ್ಣವನ್ನು ಹೊಗಳುವ ವಿಮರ್ಶೆಯು ಕವಿಯನ್ನು ಬಿಟ್ಟು ಲಿಪಿಕಾರನನ್ನು ಹೊಗಳಿದಂತಾದೀತು.