ಶ್ರೀಮತಿಯ ಕಡೆಯಿಂದ ಆದಿಪುರಾಣ

ಪಂಪ 941ರಲ್ಲಿ ಬರೆದು ಮುಗಿಸಿದ 'ಆದಿಪುರಾಣ'ವನ್ನು ನಾವು ಓದುತ್ತ ಬಂದಿರುವುದು ತೀರ್ಥಂಕರನ ಕಡೆಯಿಂದ. ಮಹಾಬಲನಾಗಿ, ಲಲಿತಾಂಗದೇವನಾಗಿ, ವಜ್ರಜಂಘನಾಗಿ, ಭೋಗವನ್ನು ಉಂಡು ದಾಟುತ್ತ ಜೀವವೊಂದು ವೃಷಭನಾಥನಾಗುವ ಕಥೆ ಅದು. ಆದರೆ ಆ ಜೀವದ ಜೊತೆಗೇ ಇನ್ನೊಂದು ಜೀವವೂ ಭವದಿಂದ ಭವಕ್ಕೆ ನಡೆದು ಬರುತ್ತದೆ. ಧನಶ್ರೀ, ನಿರ್ನಾಮಿಕೆ, ಸ್ವಯಂಪ್ರಭೆ, ಶ್ರೀಮತಿ. ಈ ಎರಡನೆಯ ಜೀವದ ಬೆನ್ನು ಹಿಡಿದು ಓದಿದಾಗ ಜನ್ಮಜನ್ಮಗಳ ಸಾಲನ್ನು ಹೇಳುವ ಜೈನ ಭವಾವಳಿ ಪರಂಪರೆಯ ಅತಿ ದೊಡ್ಡ ಸಾಧನೆಯೂ ಅದರ ಅತಿ ದೊಡ್ಡ ಅನ್ಯಾಯವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಸಾಧನೆಯೆಂದರೆ ಶ್ರೀಮತಿಯ ಕನ್ಯಾವಸ್ಥೆಯ ಭಾಗ. ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ಮಗಳು ಅವಳು. ಮುನಿಯೊಬ್ಬರ ಕೇವಲಜ್ಞಾನದ ಪೂಜೆಗೆ ದೇವತೆಗಳು ಬರುವ ಸಡಗರ ಕಂಡು ಮೂರ್ಛೆ ಹೋಗುತ್ತಾಳೆ. ಹಿಂದಿನ ಜನ್ಮದ ಗಂಡ ಲಲಿತಾಂಗ ನೆನಪಿಗೆ ಬರುತ್ತಾನೆ. ಎಚ್ಚರಾದ ಮೇಲೆ ಯಾರೊಡನೆಯೂ ಮಾತಿಲ್ಲ. ಮೈನೆರೆದ ಮಗಳು ಮಂಕಾದರೆ ಮನೆಯವರು ಗಾಬರಿಯಾಗುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಕವಿಯಾದರೋ ಆ ಮೌನದ ಹಿಂದೆ ಒಂದು ಇಡೀ ಜನ್ಮವನ್ನು ಇಟ್ಟಿದ್ದಾನೆ. ಅವಳು ಬಾಯಿ ಬಿಡುವುದು ದಾದಿ ಪಂಡಿತೆಯ ಮುಂದೆ ಮಾತ್ರ. ಆಮೇಲೆ ತನ್ನ ಹಳೆಯ ಬದುಕನ್ನು ಪಟದಲ್ಲಿ ತಾನೇ ಚಿತ್ರಿಸುತ್ತಾಳೆ, ಕೆಲವು ಗುಟ್ಟುಗಳನ್ನು ಬೇಕೆಂದೇ ಮರೆಸಿ. ಪಂಡಿತೆ ಅದನ್ನು ಜಿನಾಲಯದಲ್ಲಿ ತೂಗುಹಾಕಿದಾಗ ತಾನೇ ಆ ಲಲಿತಾಂಗನೆಂದು ಸುಳ್ಳು ಹೇಳಿಕೊಂಡು ಬಂದವರು ಸಿಕ್ಕಿಬೀಳುತ್ತಾರೆ. ಪಟದಲ್ಲಿ ಇಲ್ಲದ್ದನ್ನು ಹೇಳಬಲ್ಲವನು ವಜ್ರಜಂಘನೊಬ್ಬನೇ.

ಈ ಹುಡುಗಿಯ ಸ್ಥಿತಿಯನ್ನು ಸ್ವಲ್ಪ ಯೋಚಿಸಬೇಕು. ಮದುವೆಯೆಂದರೆ ಹಿರಿಯರ ಮಾತು, ಕುಲದ ಲೆಕ್ಕಾಚಾರ ಆಗಿದ್ದ ಲೋಕದಲ್ಲಿ ಪರೀಕ್ಷೆಯ ಪ್ರಶ್ನೆ ಸಿದ್ಧಪಡಿಸಿದವಳು ಅವಳು. ಸರಿಯುತ್ತರ ಗೊತ್ತಿದ್ದವಳೂ ಅವಳೇ. ಪುನರ್ಜನ್ಮವೆಂಬ ನಂಬಿಕೆ ಇಲ್ಲಿ ಹೆಣ್ಣಿನ ಆಸೆಗೆ ಸಾಕ್ಷಿಯನ್ನೂ ಹಕ್ಕನ್ನೂ ಒದಗಿಸಿತು. ಚಕ್ರವರ್ತಿಯಾದ ತಂದೆಯೂ ಆ ನೆನಪಿಗೆ ತಲೆಬಾಗುತ್ತಾನೆ. ಕನ್ನಡ ಕಾವ್ಯದಲ್ಲಿ ಬೆಳೆಯುವ ಹುಡುಗಿಯೊಬ್ಬಳ ಮನಸ್ಸಿಗೆ ಇಷ್ಟು ಗೌರವ ಕೊಟ್ಟ ಸನ್ನಿವೇಶಗಳು ವಿರಳ ಎಂದೇ ನನ್ನ ಭಾವನೆ.

ಅನ್ಯಾಯ ಶುರುವಾಗುವುದು ಆಮೇಲೆ. ಶಯ್ಯಾಗೃಹದ ಧೂಪದ ಹೊಗೆ ಕಟ್ಟಿಕೊಂಡು ದಂಪತಿ ಒಟ್ಟಿಗೇ ಸಾಯುತ್ತಾರೆ, ಭೋಗಭೂಮಿಯಲ್ಲಿ ಒಟ್ಟಿಗೇ ಹುಟ್ಟುತ್ತಾರೆ. ಅಲ್ಲಿಗೆ ಬಂದ ಮುನಿ ಇಬ್ಬರಿಗೂ ಸಮ್ಯಕ್ತ್ವವನ್ನು, ಅಂದರೆ ಸರಿಯಾದ ಶ್ರದ್ಧೆಯನ್ನು, ಬೋಧಿಸುತ್ತಾನೆ. ಅವಳಿಗೆ ದೊರೆಯುವ ಫಲವೇನೆಂದರೆ ಇನ್ನು ಮುಂದೆ ಹೆಣ್ಣುಜನ್ಮವಿಲ್ಲ. ಅಲ್ಲಿಂದಾಚೆಗೆ ಆ ಜೀವ ಧರಿಸುವುದೆಲ್ಲ ಗಂಡುರೂಪವೇ. ಸಮ್ಯಗ್ದೃಷ್ಟಿ ಹೆಣ್ಣಾಗಿ ಹುಟ್ಟುವುದಿಲ್ಲ, ಹೆಣ್ಣಿಗೆ ಅದೇ ದೇಹದಲ್ಲಿ ಮೋಕ್ಷವಿಲ್ಲ ಎಂಬ ದಿಗಂಬರ ಸಿದ್ಧಾಂತಕ್ಕೆ ಕಥೆ ಮಣಿದಿದೆ. ಅಷ್ಟು ಪ್ರೀತಿಯಿಂದ ಕಡೆದ ಹುಡುಗಿಯನ್ನು ಕವಿ ಬಹುಮಾನದ ಹೆಸರಿನಲ್ಲಿ ಅಳಿಸಿಹಾಕುತ್ತಾನೆ.

ಕಾಲಧರ್ಮ ಹಾಗಿತ್ತು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಪಂಪನಿಗೆ ಆಧಾರವಾದ ಸಂಸ್ಕೃತ ಪುರಾಣವನ್ನು ಜಿನಸೇನರು ಬರೆದ 9ನೆಯ ಶತಮಾನದಲ್ಲಿಯೇ, ಅದೇ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿಯೇ, ಯಾಪನೀಯವೆಂಬ ಜೈನ ಪಂಥದ ವೈಯಾಕರಣ ಶಾಕಟಾಯನ ಹೆಣ್ಣಿಗೂ ನಿರ್ವಾಣ ಉಂಟೆಂದು ತರ್ಕಬದ್ಧವಾಗಿ ಒಂದು ಪ್ರಕರಣವನ್ನೇ ರಚಿಸಿದ. ಶ್ವೇತಾಂಬರರಿಗಂತೂ ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿ ಹೆಣ್ಣು. ಯಾಪನೀಯರ ಮುಖ್ಯ ನೆಲೆ ಕರ್ನಾಟಕವೇ ಆಗಿತ್ತು. ಬೇರೆ ಉತ್ತರ ನಮ್ಮ ನೆಲದಲ್ಲಿಯೇ ಇತ್ತು, ನಮ್ಮ ಮಹಾಕಾವ್ಯಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

1209ರಲ್ಲಿ ಬಂದ ಜನ್ನನ 'ಯಶೋಧರ ಚರಿತೆ' ಈ ದೃಷ್ಟಿಯಿಂದ ಇನ್ನೂ ಬಿಗಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗುತ್ತಾರೆ. ಮಗನಿಗೆ ಬಲಿಯ ಒತ್ತಾಯ ಮಾಡಿದ್ದ ತಾಯಿ ಈಗ ಅವನ ಪುಟ್ಟ ತಂಗಿ! ಆ ಎಳೆಯ ಮೈಯಲ್ಲಿ ರಾಜಮಾತೆಯ ನೆನಪು ಹೇಗೆ ಕೂತಿದ್ದೀತು? ಕೇಳಲೇಬೇಕಾದ ಈ ಪ್ರಶ್ನೆಯ ಬಳಿ ಜನ್ನ ನಿಲ್ಲುವುದಿಲ್ಲ. ದೊರೆ ಮಾರಿದತ್ತನಿಗೆ ಈ ಭವಗಳ ಕಥೆ ಹೇಳುವವನು ಅಣ್ಣ. ಇನ್ನು ಯಶೋಧರನ ಹೆಂಡತಿ ಅಮೃತಮತಿಗೆ ನರಕ ಸಿಕ್ಕಿತು, ಹಿಂದಿರುಗಿ ನೋಡುವ ಜನ್ಮ ಸಿಗಲಿಲ್ಲ. ಶಿಲ್ಪದಲ್ಲಿ ಜನ್ನನ ಕೃತಿ ಅಚ್ಚುಕಟ್ಟು. ಹೆಣ್ಣಿನ ಮಟ್ಟಿಗೆ ಪಂಪನೇ ಉದಾರಿ.

ಆ ಔದಾರ್ಯಕ್ಕೆ ಮೂಲಕಥೆಯೇ ಒಂದು ಆಧಾರ ಉಳಿಸಿಕೊಟ್ಟಿದೆ. ವೃಷಭಮುನಿ ಆಹಾರಕ್ಕೆ ಬಂದಾಗ ಜನ ಆನೆ, ಕುದುರೆ, ರತ್ನ, ಕನ್ಯೆಯರನ್ನು ತಂದೊಪ್ಪಿಸುತ್ತಾರೆ. ಮುನಿಗೆ ಅನ್ನ ಕೊಡುವ ಕ್ರಮ ಯಾರಿಗೂ ತಿಳಿಯದು. ಹಸ್ತಿನಾಪುರದ ಶ್ರೇಯಾಂಸಕುಮಾರನಿಗೆ ಮಾತ್ರ ಅದು ಹೊಳೆಯುತ್ತದೆ. ಅವನು ಕಬ್ಬಿನ ಹಾಲನ್ನು ನೀಡಿದ ಆ ದಿನವೇ ಜೈನರ ಅಕ್ಷಯ ತದಿಗೆ. ಅವನಿಗೆ ಹೊಳೆದದ್ದು ಹೇಗೆ? ಕಾಡಿನಲ್ಲಿ ವಜ್ರಜಂಘನೊಡನೆ ಚಾರಣಮುನಿಗಳಿಗೆ ಕೈಯಾರೆ ಆಹಾರ ಕೊಟ್ಟ, ತಾನು ಶ್ರೀಮತಿಯಾಗಿದ್ದ ಜನ್ಮ ಅವನಿಗೆ ನೆನಪಾಯಿತು. ಹೆಣ್ಣುಜನ್ಮದಿಂದ ಪಾರಾದ ಆ ಜೀವಕ್ಕೆ ಯುಗದ ಮೊದಲ ದಾನವನ್ನು ಕಲಿಸಿಕೊಟ್ಟದ್ದು ಅದೇ ಹೆಣ್ಣುಜನ್ಮ. ಶ್ರೇಯಾಂಸನ ಹಿರಿಮೆಯನ್ನು ಹೇಳುವ ವ್ಯಾಖ್ಯಾನಗಳು ಶ್ರೀಮತಿಯಿಂದಲೇ ಮೊದಲಾಗಬೇಕು.